ರಾಂಗ್ ನಂಬರ್ ಅನ್ನದ ಡಿಬಗರ್

ಏನ್ರಪ್ಪಾ ಗೆಳೆಯರೇ, ಇವತ್ತು ನನ್ನ ಡಿಬಗರ್‌ಗೆ ಮರ್ಯಾದೆ ಪಾಠ ಆಯ್ತು.

ಮಿರ್ಲೆ ಕಡೆಯ ಒಂದು ಹಾಲಿನ ಡೈರಿಗೆ ನಾವು ಕೊಟ್ಟ, ಹಾಲಿನ ಫ್ಯಾಟ್ ಅಳೆಯೋ ಮಿಷನ್ನು ಬೆಳಿಗ್ಗೆ ಎಲ್ಲರ ಹಾಲಿಗೂ ಒಂದೇ ಫ್ಯಾಟ್ ತೋರಿಸ್ತು. ನೀರು ಬೆರೆಸೋರಿಗೆ ಹಬ್ಬ, ಉಳಿದವರು ಜಗಳಕ್ಕೆ ನಿಂತ್ರು. ಸಂಜೆ ಹಾಲು ಬರೋದರೊಳಗೆ ಸರಿ ಮಾಡಬೇಕು. ನಾನು ಕೆ.ಆರ್. ನಗರದಲ್ಲೇ ಕೂತು, ಮಿಷನ್ನಿನ ಒಳಗಿನ ತಪ್ಪು ಹುಡುಕೋ ಡಿಬಗರನ್ನ ಫೋನ್ ಲೈನಲ್ಲಿ ಮೂರು ಸಲ ಕನೆಕ್ಟ್ ಮಾಡೋಕೆ ನೋಡಿದೆ. ನಾನೇ ಬರೆದ ಪ್ರೋಗ್ರಾಂ. ಮೂರು ಸಲವೂ ಯಾಕೆ ಆಗಲಿಲ್ಲ ಅಂತ ಪರದೆ ಮೇಲೆ ಒಂದು ಮಾತೂ ಹೇಳದೆ ಮುಚ್ಚಿಕೊಳ್ತು.

ಕೊನೆಗೆ ನಾನೇ ಫೋನ್ ಮಾಡಿದೆ. ಎತ್ತಿದ್ದು ಡೈರಿ ಸೆಕ್ರೆಟರಿ ಪುಟ್ಟತಾಯಮ್ಮ.

“ಫೋನ್ ಮುಟ್ಟಬೇಡಿ ಅಂದಿದ್ನಲ್ಲಮ್ಮಾ, ಮಿಷನ್ನೇ ಎತ್ಕೊಳುತ್ತೆ!”

“ನಾನು ಗುಂಡ್ಕಲ್ಲಂಗೆ ಪಕ್ಕದಲ್ಲೇ ಕೂತಿವ್ನಿ, ಮಿಷನ್ ಕೈಲಿ ಫೋನ್ ಎತ್ತಿಸೋದು ಯಾವೂರ ಮರ್ವಾದೆ ಕಣ್ರೀ? ಮೂರ್ ಸಲ ಎತ್ತಿ ಯಾರು ಅಂದೆ. ಕೀಂಯ್ ಅಂದು ಇಟ್ಬುಡ್ತು. ರಾಂಗ್ ನಂಬರ್ ಅಂತಾನಾದ್ರೂ ಏಳಿ ಇಡಕ್ಕಾಗಕಿಲ್ವಾ?”

ಕೈಮುಗಿದು ಕೇಳಿಕೊಂಡ ಮೇಲೆ ಫೋನ್ ಬಿಟ್ಟುಕೊಟ್ಟರು, ಮಿಷನ್ನೂ ಸರಿಹೋಯ್ತು. ಆಮೇಲೆ ನನ್ನ ಪ್ರೋಗ್ರಾಂ ತಿದ್ದಿದೆ. ಈಗ ಕನೆಕ್ಟ್ ಆಗದಿದ್ದರೆ ಪರದೆ ಮೇಲೆ ಹೀಗೆ ಬರುತ್ತೆ:

“ಮಿಷನ್ ಸಿಗಲಿಲ್ಲ. ಪುಟ್ಟತಾಯಮ್ಮ ಸಿಕ್ಕಿದ್ದಾರೆ. ರಿಸೀವರ್ ಎತ್ತಿ ನಮಸ್ಕಾರ ಹೇಳಿ.”