ಮೂರನೆಯ ಪಿನ್ನು

ನಾನು ಹುಟ್ಟಾ ಪುಕ್ಕಲ. ನನ್ನ ತಂಗಿ ಎಲೆಕ್ಟ್ರಿಕ್ ಗಿಟಾರು ನುಡಿಸುತ್ತ ಆರತಕ್ಷತೆಗಳಲ್ಲಿ ಹಾಡುತ್ತಾಳೆ. ನಾನು ಆಂಪ್ಲಿಫೈಯರನ್ನೂ ವೈರುಗಳ ಚೀಲವನ್ನೂ ಹೊತ್ತು ಹೊಸಪೇಟೆಯಿಂದ ಅವಳ ಬೆನ್ನಿಗೇ ಹೋಗುತ್ತೇನೆ. ಜನ ಅವಳಿಗೆ ಚಪ್ಪಾಳೆ ತಟ್ಟುವಾಗ ನನ್ನ ಕಣ್ಣು ಸಾಕೆಟ್ಟಿನ ಮೇಲಿರುತ್ತದೆ.

ಹಾಡುವ ಮುಂಚೆ ಅವಳು ತಂತಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಆಮೇಲೆ ಎಡಗೈಯನ್ನು ತಂತಿಯ ಮೇಲಿಟ್ಟು, ಬಲಗೈಯಿಂದ ಮೈಕನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ನಮ್ಮ ಮನೆಯಲ್ಲಿ ತಾಳ, ತಂಬೂರಿ ಎತ್ತಿಕೊಳ್ಳುವಾಗ ಎಲ್ಲರೂ ಹೀಗೆಯೇ. ಅಪ್ಪ ಕಲಿಸಿದ್ದು.

ಅವತ್ತು ಕಂಪ್ಲಿಯ ಕಲ್ಯಾಣ ಮಂಟಪವೊಂದರಲ್ಲಿ ಮಧ್ಯಾಹ್ನದ ಆರತಕ್ಷತೆ. ಆಂಪ್ಲಿಫೈಯರ್ ಹಾಕಿದ್ದೇ ತಡ, ಗುಂಯ್ ಎಂದು ಶುರುವಾಯಿತು. ವಾಲ್ಯೂಮ್ ಇಳಿಸಿದೆ, ವೈರು ಬದಲಾಯಿಸಿದೆ, ಬಣ್ಣದ ಲೈಟುಗಳಿಂದ ದೂರ ಸರಿಸಿದೆ. ಅದು ಜಗ್ಗಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು, "ಏನ್ರಿ, ಪೆಟ್ಟಿಗ್ಯಾಗ ಜೇನು ಸಾಕೀರೇನು?" ಎಂದರು. ಸುತ್ತಲಿದ್ದವರು ನಕ್ಕರು. ತಂಗಿಯ ಮುಖ ಸಪ್ಪಗಾಯಿತು.

ಮಂಟಪದ ಸೌಂಡಿನವರು ಬಂದು ನೋಡಿ, "ಅರ್ಥಿಂಗಿನ ಸದ್ದು ರೀ ಇದು. ಮೂರನೇ ಪಿನ್ ತೆಗದ್ರ ಮುಗೀತು," ಎಂದರು. ಪ್ಲಗ್ಗಿನ ಆ ದಪ್ಪ ಪಿನ್ನೇ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವುದು.

"ಬ್ಯಾಡ್ರಿ," ಎಂದೆ.

"ಅಣ್ಣಾ, ನೀ ಎಲ್ಲಾದಕ್ಕೂ ಹೆದರ್ತಿ. ನೀವು ತೆಗೀರಿ," ಎಂದಳು ತಂಗಿ.

ಅವರು ಇಕ್ಕಳದಿಂದ ಪಿನ್ನು ಕಿತ್ತು ಪ್ಲಗ್ಗು ಹಾಕಿದರು. ಸದ್ದು ನಿಂತೇ ಹೋಯಿತು. ತಂಗಿ ನಕ್ಕಳು. ನಿಜ ಹೇಳಬೇಕೆಂದರೆ ನನಗೂ ಹಾಯೆನಿಸಿತು.

ಅಷ್ಟರಲ್ಲಿ ವಧೂವರರು ಒಳಗೆ ಬಂದರು, ವಾಲಗ ಏರಿತು. ನಾನು ಒಂದು ಕೈಯಲ್ಲಿ ವೇದಿಕೆಯ ಕಬ್ಬಿಣದ ಕಂಬ ಹಿಡಿದು ಕೆಳಗಿನ ವೈರು ಎತ್ತಲು ಬಗ್ಗಿದೆ. ಇನ್ನೊಂದು ಮೊಣಕೈ ಆಂಪ್ಲಿಫೈಯರಿನ ತಗಡಿಗೆ ತಾಗಿತು. ಜುಂ ಎಂದು ಭುಜದವರೆಗೂ ಹೊಡೆಯಿತು. ತಗಡಿಗೆ ಕರೆಂಟು ಬಂದರೆ, ಜೋಡಿಸಿದ ವೈರಿನ ಮೂಲಕ ಗಿಟಾರಿನ ತಂತಿಗೂ ಬಂದ ಹಾಗೆಯೇ.

ತಲೆ ಎತ್ತಿದೆ. ತಂಗಿ ಆಗಲೇ ತಂತಿಯನ್ನು ಕಣ್ಣಿಗೊತ್ತಿಕೊಂಡಾಗಿತ್ತು. ದಪ್ಪ ಜಮಖಾನೆಯ ಮೇಲೆ ನಿಂತಿದ್ದಳಲ್ಲ, ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಆದರೆ ಮೈಕಿಗೆ ಅರ್ಥಿಂಗ್ ಇತ್ತು. ಒಂದು ಕೈ ತಂತಿಯ ಮೇಲೆ, ಇನ್ನೊಂದು ಮೈಕು ಮುಟ್ಟಿದರೆ ಕರೆಂಟು ಅವಳ ಎದೆಯನ್ನು ಹಾದೇ ಹೋಗಬೇಕು. ಅವಳು ಬಲಗೈ ಚಾಚಿದಳು.

ಕೂಗಿದೆ. ವಾಲಗದ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ವೈರು ಹಿಡಿದು ಜಗ್ಗಿದೆ. ಪ್ಲಗ್ಗು ಕಿತ್ತು ಬಂತು.

ಆಂಪ್ಲಿಫೈಯರಿನ ದೀಪ ಆರಿದ್ದು ಕಂಡು ಅವಳು ಸಿಟ್ಟಿನಿಂದ ತಿರುಗಿದಳು. "ಅಣ್ಣಾ, ಯಾಕ ಕಿತ್ತಿ? ಮಂದಿ ನೋಡಾಕತ್ಯಾರ!"

ಗಿಟಾರನ್ನು ಅವಳ ಕೊರಳಿಂದ ತೆಗೆದು ಜಮಖಾನೆಯ ಮೇಲಿಟ್ಟೆ. ಪ್ಲಗ್ಗು ಮತ್ತೆ ಹಾಕಿ, ತಂತಿಗೆ ಟೆಸ್ಟರ್ ಮುಟ್ಟಿಸಿದೆ. ಕೆಂಪಗೆ ಹತ್ತಿತು. ತಂಗಿ ಅದನ್ನು ನೋಡಿದಳು, ಆಮೇಲೆ ತನ್ನ ಎಡಗೈ ನೋಡಿಕೊಂಡಳು. ಅವತ್ತು ಗಿಟಾರಿಲ್ಲದೆಯೇ ಹಾಡಿದಳು. ಮೊದಲ ಹಾಡಿನುದ್ದಕ್ಕೂ ದನಿ ನಡುಗುತ್ತಿತ್ತು.

ರಿಪೇರಿಗೆ ಕೊಟ್ಟಾಗ, ಆಂಪ್ಲಿಫೈಯರಿನೊಳಗೆ ಕರೆಂಟು ತಗಡಿಗೆ ಸೋರುತ್ತಿದ್ದುದು ಸಿಕ್ಕಿತು. ಅದು ಸರಿಯಾಯಿತು, ಪ್ಲಗ್ಗೂ ಹೊಸದಾಯಿತು. ಇನ್ನು ಗುಂಯ್ ಸದ್ದು ಬರುತ್ತಿದ್ದದ್ದು, ನಮ್ಮ ಪೆಟ್ಟಿಗೆ ಒಂದು ಕಡೆಯಿಂದ, ಮೈಕಿನ ದನಿ ಹೊಂದಿಸುವ ಮಿಕ್ಸರ್ ಇನ್ನೊಂದು ಕಡೆಯಿಂದ ಕರೆಂಟು ತೆಗೆದುಕೊಳ್ಳುತ್ತಿದ್ದುದರಿಂದ. ಈಗ ಎರಡನ್ನೂ ಒಂದೇ ಬೋರ್ಡಿಗೆ ಹಾಕುತ್ತೇನೆ, ಮೂರೂ ಪಿನ್ನು ಸಮೇತ.

ಹೋದ ತಿಂಗಳು ಸಂಡೂರಿನಲ್ಲಿ ಕಾರ್ಯಕ್ರಮ. ಎಲ್ಲ ಜೋಡಿಸಿ ಆನ್ ಮಾಡಿದೆ. ಗುಂಯ್ ಎನ್ನಲಿಲ್ಲ, ಚುರ್ ಎನ್ನಲಿಲ್ಲ. ಇಂಥ ನಿಶ್ಶಬ್ದಕ್ಕಾಗಿ ನಾವಿಬ್ಬರೂ ಎಷ್ಟು ಒದ್ದಾಡಿದ್ದೆವು! ತಂಗಿ ತಂತಿ ಮುಟ್ಟಲೇ ಇಲ್ಲ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಕಡೆ ತಿರುಗಿದಳು.

"ಅಣ್ಣಾ, ಸದ್ದೇ ಇಲ್ಲಲ್ಲ, ಅವತ್ತಿನ ಹಾಂಗ?"

ಟೆಸ್ಟರ್ ಇಟ್ಟು ತೋರಿಸಿದೆ. ಹತ್ತಲಿಲ್ಲ. ಅವಳು ಆದರೂ ಕದಲಲಿಲ್ಲ. ನನ್ನ ಅಂಗೈ ಬೆವೆತಿತ್ತು. ಎಡಗೈಯನ್ನು ತಂತಿಯ ಮೇಲಿಟ್ಟೆ, ಕಣ್ಣು ಮುಚ್ಚಿ ಬಲಗೈಯಿಂದ ಮೈಕು ಹಿಡಿದೆ. ಏನೂ ಆಗಲಿಲ್ಲ. ಕಣ್ಣು ಬಿಟ್ಟಾಗ ತಂಗಿ ಅಳುತ್ತಿದ್ದಳು.