ಯೋಹಾನನ ಬಗ್ಗೆ ಒಂದು ತಿದ್ದುಪಡಿ

ಅಪರಿಚಿತರ ಮೂಗನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡುವ ಕೆಟ್ಟ ಅಭ್ಯಾಸವೊಂದು ನನಗಿದೆ. ಜರ್ಮನಿಯ ಕಲೋನ್‌ನ ಟ್ರಾಮಿನಲ್ಲಿ ಎದುರು ಕುಳಿತವರು ಇದರಿಂದ ಕಸಿವಿಸಿಗೊಂಡು ಜಾಗ ಬದಲಿಸಿದ್ದೂ ಉಂಟು. ನಾನು ಹುಡುಕುತ್ತಿದ್ದುದು ಅಮ್ಮನ ಮೂಗನ್ನು ಎಂದು ಅವರಿಗೆ ಹೇಗೆ ಹೇಳಲಿ?

ನಮ್ಮದು ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನ ಕ್ರೈಸ್ತ ಮನೆತನ. ಕಂಪನಿಯ ಪಡೆಯಲ್ಲಿ ಸಂಬಳದ ಸಿಪಾಯಿಯಾಗಿ ಬಂದ ಯೋಹಾನ್ ಎಂಬ ಜರ್ಮನ್ ರೈತ ಅಲ್ಲೇ ಮದುವೆಯಾಗಿ ನಿಂತ, ನಾವು ಅವನ ಕುಡಿಗಳು ಎಂದು ಅಜ್ಜಿ ಹೇಳುತ್ತಿದ್ದಳು. ಸಾಕ್ಷಿ ಕೇಳಿದರೆ ಅಮ್ಮನ ನೀಳ ಮೂಗನ್ನು ತೋರಿಸುತ್ತಿದ್ದಳು. ನಾನೋ ಮೈಸೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಹದಿನೆಂಟು ವರ್ಷ ಸವೆಸಿದವಳು. ಒಬ್ಬರು ಹೇಳಿದರೆ ಗಾಳಿಮಾತು, ಇಬ್ಬರು ಹೇಳಿದರೆ ಸುದ್ದಿ ಎಂಬುದು ಅಲ್ಲಿಯ ಧರ್ಮ. ಮೂಗಿನ ಹೇಳಿಕೆಯನ್ನು ಯಾವ ಸಂಪಾದಕರೂ ಅಚ್ಚಿಗೆ ಬಿಡುವುದಿಲ್ಲ.

ಗಂಡನ ಕೆಲಸ ನಮ್ಮನ್ನು ಕಲೋನ್‌ಗೆ ತಂದಾಗ ಹಠ ಹಿಡಿದು ಕುಳಿತೆ. ಊರಿನ ಚರ್ಚಿನಿಂದ ಹಳೆಯ ಜ್ಞಾನಸ್ನಾನದ ದಾಖಲೆಯ ಪ್ರತಿ ತರಿಸಿದೆ. ಮಗು ಹೆಣ್ಣು, ತಂದೆ ಯೋಹಾನ್ ಬುಷ್‌ಕಾಂಪ್, ಜೊತೆಗೆ ಅವನ ಹುಟ್ಟೂರು. ಆ ಹೆಸರಿನ ಹಳ್ಳಿಗಳು ಜರ್ಮನಿಯಲ್ಲಿ ಐದಾರಿವೆ. ಎಲ್ಲ ಕಡೆಗೂ ಬರೆದೆ. ನನ್ನವರು ಹುಬ್ಬಳ್ಳಿಯವರು. ಊಟಕ್ಕೆ ಕುಳಿತಾಗಲೂ ನಾನು ಪತ್ರ ತಿದ್ದುತ್ತಿದ್ದುದನ್ನು ನೋಡಿ, “ಸತ್ತು ಇನ್ನೂರು ವರ್ಷ ಆತು, ಈಗ ಅವಗ ಆನ್‌ಮೆಲ್ಡುಂಗ್ ಮಾಡಸ್ತೀಯೇನು?” ಎಂದರು. ಈ ದೇಶದಲ್ಲಿ ಮನೆ ಹಿಡಿದ ತಕ್ಷಣ ಕಚೇರಿಗೆ ಹೋಗಿ ಹೆಸರು ಬರೆಸುವುದಕ್ಕೆ ಆನ್‌ಮೆಲ್ಡುಂಗ್ ಎನ್ನುತ್ತಾರೆ. ದೇಶ ಬಿಡುವಾಗ ಹೊಡೆದುಹಾಕಿಸುವುದು ಅಬ್‌ಮೆಲ್ಡುಂಗ್.

“ಅದಲ್ಲ, ಅವನ ಅಬ್‌ಮೆಲ್ಡುಂಗ್ ಹುಡುಕ್ತಿದೀನಿ,” ಎಂದೆ. “ಹೇಳದೆ ಕೇಳದೆ ಹೋಗಿರೋ ಹಾಗಿದೆ.”

“ನಿಮ್ಮ ಮನಿತನದ ಪದ್ಧತೀನ ಅದು,” ಎಂದು ಅವರು ಸಾರು ಬಡಿಸಿಕೊಂಡರು.

ಕೊನೆಗೆ ಒಂದು ಹಳ್ಳಿಯಿಂದ ಉತ್ತರ ಬಂತು. ಬರೆದವರು ಚರ್ಚಿನ ಹಳೆಯ ಪುಸ್ತಕಗಳನ್ನು ನೋಡಿಕೊಳ್ಳುವ ನಿವೃತ್ತ ಶಿಕ್ಷಕಿ. ಕೆಳಗೆ ಸಹಿ: ಫ್ರೌ ಬುಷ್‌ಕಾಂಪ್, ಎಂದರೆ ಶ್ರೀಮತಿ ಬುಷ್‌ಕಾಂಪ್. ನಮ್ಮ ಬುಷ್‌ಕಾಂಪ್! ಎರಡು ರೈಲು, ಒಂದು ಬಸ್ಸು ಹಿಡಿದು ಓಡಿದೆ. ಬಾಗಿಲು ತೆರೆದವರ ಮುಖದ ನಡುವೆ ಅಮ್ಮನ ಮೂಗೇ ಇತ್ತು. ನನ್ನ ಕಣ್ಣು ತುಂಬಿತು. ಹದಿನೆಂಟು ವರ್ಷದ ಶಿಸ್ತು ಒಂದು ಮೂಗಿನ ಮುಂದೆ ನಿಲ್ಲಲಿಲ್ಲ.

ಕಾಫಿ ಮುಗಿಯುವುದರೊಳಗೆ ಆ ಮೂಗು ನನ್ನ ಕೈ ಬಿಟ್ಟಿತು. ಆ ಸೀಮೆಯಲ್ಲಿ ಹೆಸರು ಮನುಷ್ಯನದಲ್ಲವಂತೆ, ಹೊಲಮನೆಯದಂತೆ. ಮದುವೆಯಾಗಿ ಆ ಮನೆಗೆ ಬಂದ ಗಂಡಸೂ ಅದೇ ಹೆಸರಿನವನಾಗುತ್ತಾನೆ. ಕುದುರೆ ಮಾರಲು ಪೇಟೆಗೆ ಹೋದ ಯೋಹಾನ್ ಪಡೆ ಸೇರಿ ಹಡಗು ಹತ್ತಿದ. ಮಕ್ಕಳಿರಲಿಲ್ಲ. ಹೆಂಡತಿ ಏಳು ವರ್ಷ ಒಬ್ಬಳೇ ಹೊಲ ನೋಡಿಕೊಂಡು ಕಾದಳು. ಅವನು ಸತ್ತನೆಂದು ತಿಳಿದ ಮೇಲೆ ಇನ್ನೊಬ್ಬನನ್ನು ಮದುವೆಯಾದಳು. ಬಂದವನು ಬುಷ್‌ಕಾಂಪ್ ಆದ. ಆ ಇಬ್ಬರ ಸಂತಾನವೇ ಈ ಫ್ರೌ ಬುಷ್‌ಕಾಂಪ್. ನನಗೂ ಅವರಿಗೂ ಒಂದು ಹನಿ ರಕ್ತಸಂಬಂಧವಿಲ್ಲ. ಕಾದ ಆ ಅಜ್ಜಿಯ ಬಗ್ಗೆ ಅವರು ಹೇಳುತ್ತಿದ್ದ ರೀತಿ ನೋಡಿದರೆ, ಮನೆತನದ ಮರ್ಯಾದೆಯೆಲ್ಲ ಆ ಏಳು ವರ್ಷದಲ್ಲೇ ಇದ್ದಂತಿತ್ತು.

ಅವರು ಪುಸ್ತಕ ತೆರೆದು ಹಳೆಯ ಲಿಪಿಯನ್ನು ಓದಿ ಹೇಳಿದರು: ಯೋಹಾನ್ ಪರದೇಶದಲ್ಲಿ ತೀರಿಕೊಂಡನೆಂದು ಹಿಂತಿರುಗಿದ ಸಿಪಾಯಿಯೊಬ್ಬ ತಿಳಿಸಿದ್ದಾನೆ. ಒಬ್ಬನೇ ಸಿಪಾಯಿ, ಒಂದೇ ಬಾಯಿ. ನಾನು ತಾರೀಖು ನೋಡಿದೆ. ನನ್ನ ಚೀಲದಲ್ಲಿದ್ದ ಜ್ಞಾನಸ್ನಾನದ ದಾಖಲೆ ಅದಕ್ಕಿಂತ ನಾಲ್ಕು ವರ್ಷ ಈಚಿನದು.

ಚೀಲದ ಮೇಲೆ ಕೈಯಿಟ್ಟು ಕುಳಿತೆ. ಕಾಗದ ತೆಗೆದರೆ ಆ ಅಜ್ಜಿಯ ಎರಡನೆಯ ಮದುವೆ ಗಂಡ ಬದುಕಿದ್ದಾಗಲೇ ನಡೆದದ್ದಾಗುತ್ತದೆ. ಎಂಬತ್ತು ದಾಟಿದ ಈಕೆ ಜೀವಮಾನವಿಡೀ ಹೇಳಿಕೊಂಡು ಬಂದ ಕತೆ ಮುರಿಯುತ್ತದೆ. ತೆಗೆಯದಿದ್ದರೆ ನನ್ನ ಮೂಲಪುರುಷ ತನ್ನ ಊರಿನಲ್ಲಿ ಸತ್ತೇ ಇರುತ್ತಾನೆ, ನಾವು ಹುಟ್ಟಿಯೇ ಇಲ್ಲ. ತಪ್ಪು ಎಂದು ಗೊತ್ತಾದ ಮೇಲೆ ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿಲ್ಲ. ತೆಗೆದು ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿದರು. ಕನ್ನಡಕ ಒರೆಸಿ ಮೂರನೆಯ ಸಲ ಓದಿದರು. “ಸತ್ತೆನೆಂದು ಹೇಳಿಕಳಿಸಿದವನು ಅವನೇ ಇರಬೇಕು,” ಎಂದರು. ಕಾಗದವನ್ನು ನನ್ನತ್ತ ಸರಿಸಿ, “ಅಲ್ಲಿ ಸುಖವಾಗಿದ್ದನೆ?” ಎಂದು ಕೇಳಿದರು.

ಅದಕ್ಕೆ ದಾಖಲೆ ಇಲ್ಲ ಎಂದೆ. ಆರು ಮಕ್ಕಳಿದ್ದರು ಎಂಬುದಕ್ಕೆ ಇದೆ.

“ಹಾಗಾದರೆ ಕಾದದ್ದು ಅವಳೊಬ್ಬಳೇ,” ಎಂದು ಪುಸ್ತಕದ ಹಾಳೆಯನ್ನು ಒಮ್ಮೆ ಸವರಿದರು. ಆಮೇಲೆ ಚೀಟಿಯೊಂದರ ಮೇಲೆ ಪೆನ್ಸಿಲಿನಿಂದ ಬರೆದರು: ಸತ್ತಿರಲಿಲ್ಲ. ಮನೆಯವರು ಬಂದು ತಿಳಿಸಿದ್ದಾರೆ. ತಾವು ಸಹಿ ಹಾಕಿ, ನನ್ನದೂ ಬೇಕೆಂದರು. ಈ ಸಲ ಇಬ್ಬರಿರಲಿ ಎಂದರು. ಚೀಟಿಯನ್ನು ಆ ಪುಟದಲ್ಲಿಟ್ಟು ಪುಸ್ತಕ ಮುಚ್ಚಿದರು.

ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಅಂದು ಪಾದ್ರಿಯ ಜಾಗದಲ್ಲಿ ನನ್ನಂಥವಳೊಬ್ಬಳು ಕುಳಿತು, ಸಾವಿಗೆ ಎರಡನೆಯ ಸಾಕ್ಷಿ ತಾರಯ್ಯ ಎಂದು ಆ ಸಿಪಾಯಿಯನ್ನು ಹಿಂದಕ್ಕೆ ಅಟ್ಟಿದ್ದರೆ ದಾಖಲೆ ಚೊಕ್ಕವಾಗಿರುತ್ತಿತ್ತು. ಅದನ್ನು ನನಗೆ ಓದಿ ಹೇಳಲು ಫ್ರೌ ಬುಷ್‌ಕಾಂಪ್ ಮಾತ್ರ ಹುಟ್ಟುತ್ತಿರಲಿಲ್ಲ.