ಬೆರಳು ತಾಗಿ ಸವೆದ ಮುಖ

ಬಾಯಮ್ಮನ ಬಲಗೈ ತೋರುಬೆರಳಿನ ತುದಿ ಸದಾ ಬೂದುಬಣ್ಣಕ್ಕಿರುತ್ತಿತ್ತು. ಈ ಕೊಲ್ಲಿ ದೇಶದ ಜಹ್ರಾ ಊರಿನ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದ ಅವರು ದಿನಕ್ಕೆ ಹತ್ತಾರು ಸಲ ಸೋಪು ಹಚ್ಚಿ ತೊಳೆಯುತ್ತಿದ್ದ ಕೈ ಅದು. ಆದರೂ ಪೆನ್ಸಿಲ್ಲಿನ ಸೀಸ ಆ ಬೆರಳಿನ ಗೆರೆಗಳಲ್ಲಿ ಮನೆಮಾಡಿಕೊಂಡಿತ್ತು. ಫಿಂಟಾಸಿನ ನಮ್ಮ ಕಟ್ಟಡದಲ್ಲಿ ಅವರು ಎದುರು ಫ್ಲ್ಯಾಟಿನವರು. ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ನಮ್ಮೂರ ಕಡೆ ಕರೆಯುವಂತೆ ನಾನು ಅವರನ್ನು ಬಾಯಮ್ಮ ಎನ್ನುತ್ತಿದ್ದೆ. ಅವರಿಗೆ ನಾನು ಅಣ್ಣ.

ಅವರ ಮಗಳು ಐರ್ಲೆಂಡಿನಲ್ಲಿದ್ದಾಳೆ. ಪ್ರತಿ ಬೇಸಗೆಯ ರಜೆಗೆ ಅಲ್ಲಿಗೆ ಹೋಗುತ್ತಿದ್ದ ಬಾಯಮ್ಮ ಅಂಗಡಿ ಸುತ್ತುವುದನ್ನು ಬಿಟ್ಟು ಬೀದಿ ಸುತ್ತುತ್ತಿದ್ದರು. ಅಲ್ಲಿನ ಹಳೆಯ ಮನೆಗಳ ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಟೈಲ್ಸ್ ಇರುತ್ತವೆ: ಮೇರಿ ಮಾತೆ, ಯೇಸುವಿನ ಪವಿತ್ರ ಹೃದಯ, ಯಾರೋ ಒಬ್ಬ ಸಂತ. ಮನೆಯವರ ಒಪ್ಪಿಗೆ ಪಡೆದು, ಅದರ ಮೇಲೆ ಟ್ರೇಸಿಂಗ್ ಕಾಗದ ಅಂಟಿಸಿ, ಒಂದೊಂದು ಗೆರೆಯನ್ನೂ ಪೆನ್ಸಿಲ್ಲಿನಲ್ಲಿ ಎತ್ತಿಕೊಂಡು, ಬಣ್ಣ, ಬಿರುಕು, ನೆಲದಿಂದಿರುವ ಎತ್ತರ ಎಲ್ಲವನ್ನೂ ಅಂಚಿನಲ್ಲಿ ಬರೆದು ತರುತ್ತಿದ್ದರು. ಪ್ರಾಯದಲ್ಲಿ ಅವರು ಅಲ್ಲಿನ ವೃದ್ಧಾಶ್ರಮವೊಂದರಲ್ಲಿ ಕೆಲಸಕ್ಕಿದ್ದಾಗ, ಸಾವಿನ ಹಾಸಿಗೆಯಲ್ಲಿದ್ದ ಅಜ್ಜನೊಬ್ಬ ತನ್ನ ಮನೆಯ ಟೈಲನ್ನು ಒಮ್ಮೆ ಮುಟ್ಟಬೇಕೆಂದು ಹಟ ಹಿಡಿದನಂತೆ. ಅವನನ್ನು ಕದಲಿಸುವಂತಿರಲಿಲ್ಲ. ಬಾಯಮ್ಮ ಅಡುಗೆಮನೆಯ ಬೆಣ್ಣೆ ಕಾಗದವನ್ನು ಅವನ ಮನೆಗೆ ಒಯ್ದು, ಆ ಚಿತ್ರವನ್ನೇ ಎತ್ತಿಕೊಂಡು ಬಂದು ಅವನ ಕೈಗಿಟ್ಟರು. ಶುರುವಾದದ್ದು ಅಲ್ಲಿಂದ.

ನಾನು ಮೀನಾ ಅಲ್ ಅಹ್ಮದಿಯ ತೈಲ ಶುದ್ಧೀಕರಣ ಘಟಕದಲ್ಲಿ ಪೈಪುಗಳ ನಕ್ಷೆ ಬರೆದು ನಿವೃತ್ತನಾದವನು. ಕಂಪ್ಯೂಟರು ಬಂದಂದಿನಿಂದ ನನ್ನ ಇಂಕ್ ಪೆನ್ನುಗಳನ್ನು ಯಾರೂ ಕೇಳಿರಲಿಲ್ಲ. ಬಾಯಮ್ಮ ಕೇಳಿದರು.

“ಪೆನ್ಸಿಲ್ ಅಳಿಸಿ ಹೋಗ್ತದೆ ಅಣ್ಣಾ. ನಿಮ್ಮ ಕೈ ಬೇಕು.”

ಈ ಕೈ ಬೇಕೆಂದು ಕೊನೆಯದಾಗಿ ಹೇಳಿದವರು ಅವರೇ. ಅವರ ಪೆನ್ಸಿಲ್ ಹಾಳೆಯ ಮೇಲೆ ಹೊಸ ಟ್ರೇಸಿಂಗ್ ಕಾಗದ ಹಾಸಿ, ಗೆರೆಗಳನ್ನು ಇಂಕಿನಲ್ಲಿ ಬರೆದುಕೊಡುವುದು ನನ್ನ ಕೆಲಸವಾಯಿತು.

ಇಲ್ಲಿನ ನಮ್ಮೂರ ಕಡೆಯವರ ಸಂಘದ ವಾರ್ಷಿಕೋತ್ಸವದಲ್ಲಿ ಈ ಹಾಳೆಗಳನ್ನು ಇಡಲು ಅವರೊಂದು ಮೇಜು ಕೇಳಿದಾಗ ಕಾರ್ಯದರ್ಶಿ ಎಲ್ಲರೆದುರು, “ಯಾರ್ದೋ ಊರಿನ ಗೋಡೆ ನಮ್ಗೆಂತಕ್ಕೆ ಬಾಯಮ್ಮ? ನಮ್ಮ ಬಾತ್‌ರೂಮಿನ ಟೈಲ್ಸ್ ಸಹ ಸ್ವಲ್ಪ ಬರ್ಕೊಳ್ಳಿ” ಎಂದ. ಅವನು ಅಂದು ತೊಟ್ಟಿದ್ದ ಅಂಗಿ ತಿಳಿಹಳದಿ. ನಾನು ಮರೆತಿಲ್ಲ. ಬಾಯಮ್ಮ ಮಾತ್ರ ನಕ್ಕು, “ನಿಮ್ಮ ಬಾತ್‌ರೂಮಿಗೆ ಕೈಮುಗಿಯುವವರು ಇದ್ರೆ ಹೇಳಿ, ಖಂಡಿತ ಬರ್ತೇನೆ” ಎಂದರು.

ಒಮ್ಮೆ ಅವರು ತಂದ ಹಾಳೆಯೊಂದರಲ್ಲಿ ಮೇರಿ ಮಾತೆಗೆ ಮುಖವಿರಲಿಲ್ಲ. ಎತ್ತಿಕೊಳ್ಳುವಾಗ ಬಿಟ್ಟುಹೋಗಿರಬೇಕೆಂದು ಭಾವಿಸಿ, ಮೂರು ದಿನ ಕೂತು, ರೆಪ್ಪೆ ಬಾಗಿಸಿದ ಮುಖವೊಂದನ್ನು ಇಂಕಿನಲ್ಲಿ ಬರೆದೆ. ಅಷ್ಟು ಚಂದದ ಗೆರೆಯನ್ನು ನಾನು ಅದುವರೆಗೆ ಎಳೆದಿರಲಿಲ್ಲ. ಅವರ ಮನೆಯಲ್ಲಿ ಪ್ರಾರ್ಥನೆ ಮುಗಿದು ಹತ್ತಾರು ಜನ ಚಹಾ ಕುಡಿಯುತ್ತಿದ್ದಾಗ ಬಿಚ್ಚಿ ತೋರಿಸಿದೆ.

“ಚಂದ ಉಂಟು ಅಣ್ಣಾ. ಆದ್ರೆ ಇವಳು ಯಾರು? ಆ ಮನೆಯವರು ಇವಳನ್ನು ನೋಡಿದ್ದೇ ಇಲ್ಲ. ಮುಖ ತೆಗೀರಿ.”

ಯಾರೋ ಕಿಸಕ್ಕನೆ ನಕ್ಕರು. ಹಾಳೆ ಸುತ್ತಿಕೊಂಡು ಎದ್ದು ಬಂದೆ.

ನಾಲ್ಕು ತಿಂಗಳು ಅವರೊಡನೆ ಮಾತಾಡಲಿಲ್ಲ. ಲಿಫ್ಟಿನಲ್ಲಿ ಜೊತೆಯಾದರೆ ಮಹಡಿಯ ಅಂಕಿಗಳನ್ನೇ ನೋಡುತ್ತ ನಿಲ್ಲುತ್ತಿದ್ದೆ. ಹಬ್ಬಕ್ಕೆ ಅವರು ಮಾಡಿ ಕಳಿಸಿದ ಸಾನ್ನ ಇಡ್ಲಿಗಳನ್ನು ಮುಚ್ಚಳ ತೆರೆಯದೆ ಹಿಂದಿರುಗಿಸಿದೆ. ರಜೆಗೆ ಹೊರಡುವ ಹಿಂದಿನ ದಿನ ಅವರೇ ಬಂದು ನನ್ನ ಬಾಗಿಲು ತಟ್ಟಿದರು.

“ಅಣ್ಣಾ, ಕೋಪ ನಾನು ವಾಪಸ್ ಬಂದ ಮೇಲೆ ಮಾಡಿ. ಆ ಮನೆಯ ಗೋಡೆಗೆ ಚಳಿ ತಡೆಯುವ ಹಲಗೆ ಹೊಡೀತಾರಂತೆ. ಟೈಲ್ಸ್ ಒಳಗೇ ಮುಚ್ಚಿ ಹೋಗ್ತದೆ. ಆ ಮನೆಯ ಅಜ್ಜಿ ಹಾಳೆಗೆ ಕಾಯ್ತಿದ್ದಾರೆ. ಮುಖ ತೆಗ್ದು ಕೊಡಿ ಮಾರಾಯ್ರೆ.”

“ಪುರುಸೊತ್ತಿಲ್ಲ.”

“ಎಷ್ಟು ಹೊತ್ತಿನ ಕೆಲಸ ಅದು?”

ನಾನು ಬಾಗಿಲು ಹಾಕಿದೆ.

ಎರಡನೆಯ ವಾರ, ಮಗಳ ಮನೆಯಲ್ಲಿ, ಬೆಳಗಿನ ಕಾಫಿ ಕುಡಿಯುತ್ತಿದ್ದಾಗ ಹೃದಯ ನಿಂತು ಬಾಯಮ್ಮ ತೀರಿಕೊಂಡರು.

ಸುದ್ದಿ ಬಂದ ಮೇಲೆ ಅವರ ಪೆನ್ಸಿಲ್ ಹಾಳೆಯನ್ನು ತೆಗೆದು ನೋಡಿದೆ. ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ಬರೆದಿತ್ತು: “ಮುಖ ಇಲ್ಲ. ಹೊರಗೆ ಹೊರಡುವಾಗಲೆಲ್ಲ ಮನೆಯವರು ಮುಟ್ಟಿ ಮುಟ್ಟಿ ಸವೆದಿದೆ. ಹಾಗೇ ಬಿಡಬೇಕು.” ಒಂದು ಮಿಲಿಮೀಟರು ತಪ್ಪಿದ್ದಕ್ಕೆ ಕಿರಿಯರ ಇಡೀ ನಕ್ಷೆಯನ್ನು ಹರಿದು ಬಿಸಾಡುತ್ತಿದ್ದ ನಾನು, ಆ ಸಾಲನ್ನು ಓದಿಯೇ ಇರಲಿಲ್ಲ.

ಟ್ರೇಸಿಂಗ್ ಕಾಗದದ ಮೇಲಿನ ಇಂಕನ್ನು ತೆಗೆಯುವುದು ಬ್ಲೇಡಿನಿಂದ. ಕೆರೆದೆ. ಮೊದಲು ರೆಪ್ಪೆಗಳು, ಆಮೇಲೆ ಮೂಗು, ಕಡೆಗೆ ತುಟಿ. ಅಲ್ಲಿ ಉಳಿದದ್ದು ಸ್ವಲ್ಪ ಒರಟಾದ, ಮಬ್ಬು ಬಿಳುಪು. ಹಾಳೆಯನ್ನು ಕೊರಿಯರಿನಲ್ಲಿ ಕಳಿಸಿದೆ. ಮಗಳು ಅದನ್ನು ಆ ಅಜ್ಜಿಗೆ ತಲುಪಿಸಿ ನನಗೆ ಫೋನು ಮಾಡಿದಳು.

“ಅಂಕಲ್, ಪೇಪರ್ ಬಿಚ್ಚಿದ ಕೂಡ್ಲೆ ಅವರ ಬೆರಳು ಸ್ಟ್ರೇಟ್ ಆ ಖಾಲಿ ಜಾಗಕ್ಕೇ ಹೋಯ್ತು. ತುಂಬ ಹೊತ್ತು ತೆಗೀಲೇ ಇಲ್ಲ. ಮಮ್ಮಿ ನೋಡ್ಬೇಕಿತ್ತು.”

ಆ ಮುಖವನ್ನು ಕೆರೆಯಲು ನನಗೆ ಹಿಡಿದದ್ದು ಅರ್ಧ ಗಂಟೆ. ಎಷ್ಟು ಹೊತ್ತಿನ ಕೆಲಸ ಎಂದು ಬಾಯಮ್ಮ ನನ್ನ ಬಾಗಿಲಲ್ಲಿ ನಿಂತು ಕೇಳಿದ ಆ ದಿನ, ನನಗೆ ಬೇರೆ ಯಾವ ಕೆಲಸವೂ ಇರಲಿಲ್ಲ.